ಎರಡಿಂಚು ಮಾಸ್ಟರ್ ಹೊಲಿದ ಗಾಳಿತಡೆ

ನಮ್ಮ ಬೀದಿಯ ಟೈಲರ್ ಮಾಸ್ಟರ್ ಹತ್ತಿರ ನಾನು ಮೊದಲ ಸಲ ಪ್ಯಾಂಟು ಹೊಲಿಸಿದ್ದು ನನ್ನ ಮದುವೆಗೆ ಮುಂಚೆ. ಕೊಡುವಾಗ ಅವರು ಸೊಂಟಪಟ್ಟಿಯ ಒಳಭಾಗವನ್ನು ಮಗುಚಿ ತೋರಿಸಿ, "ಒಳಗೆ ಎರಡಿಂಚು ಬಿಟ್ಟಿದೀನಿ ಸಾರ್. ಮುಂದೆ ಬೇಕಾಗುತ್ತೆ" ಎಂದರು. ಆಗ ನನ್ನ ಸೊಂಟ ಇಪ್ಪತ್ತೆಂಟು. ಈ ಮನುಷ್ಯನಿಗೆ ನನ್ನ ಸ್ವಭಾವ ಗೊತ್ತಿಲ್ಲ ಎಂದುಕೊಂಡೆ. ಮದುವೆಯಾಗಿ ಮೂರನೇ ವರ್ಷಕ್ಕೆ ಆ ಎರಡಿಂಚನ್ನು ಬಿಚ್ಚಿಸಿಕೊಂಡೆ. ಅವರು ಏನೂ ಹೇಳಲಿಲ್ಲ. ಹೇಳಿದ್ದರೆ ನಾನು ಬೇರೆ ಟೈಲರನ್ನು ಹುಡುಕಿಕೊಳ್ಳುತ್ತಿದ್ದೆ. ಗಿರಾಕಿಯ ಮುಖ ನೋಡದೆ ಬಿಚ್ಚಿಕೊಡುವ ಈ ಗುಣದಿಂದಲೇ ಅವರ ಅಂಗಡಿ ಮೂವತ್ತು ವರ್ಷದಿಂದ ನಡೆಯುತ್ತಿದೆ, ಮತ್ತು ಜನ ಅವರನ್ನು ಎರಡಿಂಚು ಮಾಸ್ಟರ್ ಎಂದು ಕರೆಯುತ್ತಾರೆ.

ಅಂಗಡಿ ಹತ್ತಡಿ ಉದ್ದ, ಎಂಟಡಿ ಅಗಲ. ಒಂದು ಪಕ್ಕ ಬೈಕ್ ಮೆಕ್ಯಾನಿಕ್ಕಿನ ಶೆಡ್ಡು, ಇನ್ನೊಂದು ಪಕ್ಕ ಜೆರಾಕ್ಸ್ ಅಂಗಡಿ. ಒಳಗೆ ಎರಡು ಹೊಲಿಗೆ ಮೆಷಿನ್ನು, ಅದರಲ್ಲಿ ಒಂದು ಬಟ್ಟೆ ಒಟ್ಟುವುದಕ್ಕೆ ಮಾತ್ರ. ಕನ್ನಡಿ ಸ್ವಲ್ಪ ಹಿಂದಕ್ಕೆ ವಾಲಿದೆ. ಅದರಲ್ಲಿ ಎಲ್ಲರೂ ಎತ್ತರ ಕಾಣುತ್ತಾರೆ. ಅದನ್ನು ನೇರ ಮಾಡಿ ಎಂದು ಇದುವರೆಗೆ ಒಬ್ಬ ಗಿರಾಕಿಯೂ ಹೇಳಿಲ್ಲ.

ಟೇಪು ಮೈಗೆ ತಾಗಿದ ಕೂಡಲೇ ಮನುಷ್ಯ ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಾನೆ, ಎದೆ ಮುಂದೆ ಮಾಡುತ್ತಾನೆ. ಆ ಅಳತೆಗೆ ಹೊಲಿದರೆ ಅವನು ಅದೇ ಭಂಗಿಯಲ್ಲಿ ಬದುಕಬೇಕಾಗುತ್ತದೆ. ಮಾಸ್ಟರ್ ಇದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದಾರೆ. ಟೇಪು ಹಿಡಿದುಕೊಂಡೇ, ಗಿರಾಕಿಗೆ ಸಿಟ್ಟು ಬರುವ ವಿಷಯ ಯಾವುದೋ ಅದನ್ನು ಎತ್ತುತ್ತಾರೆ. ನನ್ನ ಹತ್ತಿರ ಪ್ರಮೋಷನ್ ವಿಷಯ ಕೇಳುತ್ತಾರೆ. ನಾನು ನನಗಿಂತ ಕಿರಿಯನೊಬ್ಬ ಮೇಲೇರಿದ ಕಥೆಯನ್ನು ಶುರು ಮಾಡುತ್ತೇನೆ. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಹೊಟ್ಟೆ ತಾನಾಗಿ ತನ್ನ ಜಾಗಕ್ಕೆ ಬಂದಿರುತ್ತದೆ, ಅವರು ಅಳತೆ ಬರೆದುಕೊಂಡಿರುತ್ತಾರೆ. ಕಥೆಯ ಉಳಿದರ್ಧವನ್ನು ಅವರು ಇದುವರೆಗೆ ಕೇಳಿಸಿಕೊಂಡಿಲ್ಲ.

ಇಂಥವರು ಮೋಟಾರ್ ಸೈಕಲ್ಲಿನ ಗಾಳಿಯ ಉಸಾಬರಿಗೆ ಹೋಗುವ ಕಾರಣವೇ ಇರಲಿಲ್ಲ. ಅವರಿಗೆ ಬೈಕು ಓಡಿಸಲು ಬರುವುದಿಲ್ಲ. ಸೈಕಲ್ಲೂ ಬರುವುದಿಲ್ಲ. ಮನೆಯಿಂದ ಅಂಗಡಿಗೆ ನಾನೂರು ಹೆಜ್ಜೆ. ಅಷ್ಟಕ್ಕೆ ಚಕ್ರ ಯಾಕೆ ಎನ್ನುವವರು ಅವರು. ಹೋದ ವರ್ಷ ಅವರನ್ನು ಆ ಕಡೆಗೆ ತಳ್ಳಿದ್ದು ಅವರ ಅಕ್ಕನ ಕೆನ್ನೆ.

ಅಕ್ಕ ಮಾಸ್ಟರಿಗಿಂತ ಆರು ವರ್ಷ ದೊಡ್ಡವರು. ಆರೋಗ್ಯ ಇಲಾಖೆಯಲ್ಲಿ ಲಸಿಕೆ ಹಾಕುವ ಕೆಲಸ. ಊರಿನ ಅರ್ಧ ಜನ ಅವರನ್ನು ಕಂಡರೆ ಈಗಲೂ ತಮಗೇ ಗೊತ್ತಿಲ್ಲದೆ ತೋಳು ಮುಟ್ಟಿಕೊಳ್ಳುತ್ತಾರೆ. ಪ್ರತಿ ಮಂಗಳವಾರ ಐಸ್ ತುಂಬಿದ ಲಸಿಕೆ ಪೆಟ್ಟಿಗೆಯನ್ನು ಬೈಕಿನ ಹಿಂದೆ ಬಿಗಿದುಕೊಂಡು ಗುಡ್ಡದ ಮೇಲಿನ ಮೂರು ಹಳ್ಳಿಗಳಿಗೆ ಹೋಗಿಬರುತ್ತಾರೆ. ನಲವತ್ತು ಕಿಲೋಮೀಟರು ದಾರಿ, ಕೊನೆಯ ಹದಿನಾಲ್ಕು ಬರೀ ಏರು. ಇಪ್ಪತ್ತೆರಡು ವರ್ಷದಿಂದ ಹೀಗೆ. ಆ ಹಳ್ಳಿಗಳಲ್ಲಿ ಮೊದಲು ಅವರ ಕೈಯಲ್ಲಿ ಚುಚ್ಚಿಸಿಕೊಂಡ ಹೆಣ್ಣುಮಕ್ಕಳು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದು, "ಅಕ್ಕ ಬಂದ್ಲು ನೋಡು, ಸುಮ್ನಿರ್ತೀಯೋ ಇಲ್ವೋ" ಎಂದು ಹೆದರಿಸುತ್ತಾರಂತೆ. ಅಕ್ಕನಿಗೆ ಇದು ಹೆಮ್ಮೆ.

ಹೋದ ವರ್ಷ ಅವರ ಬಲಗೆನ್ನೆಯ ನರಕ್ಕೆ ಏನೋ ಆಯಿತು. ತಣ್ಣನೆ ಗಾಳಿ ಬಡಿದರೆ ಕಿವಿಯಿಂದ ದವಡೆಯವರೆಗೆ ಮಿಂಚು ಹೊಡೆದ ಹಾಗೆ ನೋವು. ಔಷಧಿಯಿಂದ ಮನೆಯಲ್ಲಿರುವಾಗ ಆರಾಮ. ಬೈಕು ಹತ್ತಿದರೆ ಔಷಧಿಯ ಮಾತು ನಡೆಯುವುದಿಲ್ಲ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟು ಸರಿಯಾಗಿ ಆ ನರದ ಮೇಲೆಯೇ ಒತ್ತುತ್ತಿತ್ತು. ಸ್ಕಾರ್ಫು ಸುತ್ತಿಕೊಂಡರೆ ಬಟ್ಟೆ ಉಜ್ಜಿಯೇ ನೋವು. ಕೆನ್ನೆಗೆ ಏನೂ ತಾಗಬಾರದು, ಗಾಳಿಯೂ ತಾಗಬಾರದು. ಡಾಕ್ಟರು, "ಹಾಗಾದ್ರೆ ಬೈಕ್ ಬಿಡಿ" ಎಂದರು. ಕಚೇರಿಯ ಸಾಹೇಬರು ಒಳ್ಳೆಯವರು. ಒಂದು ಅರ್ಜಿ ಕೊಡಿ, ಉಗ್ರಾಣದಲ್ಲಿ ಕೂತು ಹತ್ತಿಯ ಸುರುಳಿ, ಸಿರಿಂಜು ನೋಡಿಕೊಂಡಿರಿ ಎಂದರು. ಅಕ್ಕ ಅರ್ಜಿ ಬರೆದರು. ಸಹಿ ಹಾಕಿದರು. ಕೊಡಲಿಲ್ಲ. ಮಡಿಸಿ ಕೈಚೀಲದಲ್ಲಿಟ್ಟುಕೊಂಡರು. ತಿಂಗಳ ಕೊನೆಯ ಮಂಗಳವಾರದೊಳಗೆ ಒಂದು ದಾರಿ ಕಾಣದಿದ್ದರೆ ಅರ್ಜಿ ಸಾಹೇಬರ ಮೇಜಿನ ಮೇಲೆ.

ಮಾಸ್ಟರ್ ಇದನ್ನೆಲ್ಲ ನನಗೆ ಹೇಳಿದ್ದು ಒಂದು ಷರ್ಟಿನ ಕಾಲರ್ ಬಿಚ್ಚುತ್ತಾ.

"ಮಂಗಳವಾರ ವಾಪಸ್ ಬಂದ್ಮೇಲೆ ಅಕ್ಕ ಬಾಯೇ ತೆರೆಯೋಲ್ಲ ಸಾರ್. ಹೋದ ವಾರ ನಾನು ಅಂಗಡಿ ಬಾಗಿಲು ಹಾಕದೆ ಮನೆಗೆ ಹೋಗಿದ್ದೆ. ಅದಕ್ಕೂ ಬೈಲಿಲ್ಲ."

"ಒಳ್ಳೇದೇ ಆಯ್ತಲ್ಲ ಮಾಸ್ಟ್ರೇ."

ಒಗೆದ ಮೇಲೆ ಬಣ್ಣ ಬಿಟ್ಟ ಬಟ್ಟೆಯನ್ನು ನೋಡುವ ಹಾಗೆ ಅವರು ನನ್ನನ್ನು ನೋಡಿದರು.

ಅಷ್ಟರಲ್ಲಿ ಪಕ್ಕದ ಶೆಡ್ಡಿನ ಮೆಕ್ಯಾನಿಕ್ಕು ಅಕ್ಕನ ಬೈಕಿಗೆ ಅಂಗಡಿಯಿಂದ ತಂದ ಒಂದು ವಿಂಡ್‌ಶೀಲ್ಡ್ ಹಾಕಿಕೊಟ್ಟಿದ್ದ. ಹ್ಯಾಂಡಲ್ಲಿನ ಮುಂದೆ ನಿಲ್ಲುವ ಪ್ಲಾಸ್ಟಿಕ್ ಗಾಜು. ಅಕ್ಕ ಅದನ್ನು ಒಂದು ಮಂಗಳವಾರ ಓಡಿಸಿ ಬಂದು ಬಿಚ್ಚಿಸಿದರು. ಅದರ ಮೇಲಂಚು ಅವರ ಗದ್ದಕ್ಕಿಂತ ಕೆಳಗೆ ಎಲ್ಲೋ ಬರುತ್ತಿತ್ತಂತೆ. ಎದೆಗೆ ಬಡಿಯಬೇಕಾದ ಗಾಳಿಯೆಲ್ಲ ಒಟ್ಟುಗೂಡಿ ಅಂಚು ದಾಟಿ ನೇರ ಕೆನ್ನೆಗೆ. ಮುಖ ತೆರೆದ ಹೆಲ್ಮೆಟ್ಟು ತಲೆಯ ಮೇಲೆ ಗಡಗಡ ಅಲುಗುತ್ತಿತ್ತು.

"ನಾನೇನ್ ಮಾಡ್ಲಿ ಅಕ್ಕ, ರೆಡಿಮೇಡು. ಎಲ್ರಿಗೂ ಒಂದೇ ಸೈಜು" ಎಂದ ಮೆಕ್ಯಾನಿಕ್ಕು.

ಮಾಸ್ಟರ್ ಮೆಷಿನ್ ನಿಲ್ಲಿಸಿದರು. ರೆಡಿಮೇಡ್ ಎಂಬ ಮಾತು ಅವರ ವೃತ್ತಿಯ ಅರ್ಧ ಗಿರಾಕಿಗಳನ್ನು ತಿಂದುಹಾಕಿದೆ. ಅದು ಒಬ್ಬರಿಗೆ ಸರಿಹೋಗಲಿಲ್ಲ ಎಂಬ ಸುದ್ದಿ ಅವರಿಗೆ ಎಷ್ಟೋ ವರ್ಷಗಳ ಮೇಲೆ ಸಿಕ್ಕ ನ್ಯಾಯ.

"ಅಕ್ಕ, ಬೈಕ್ ಮೇಲೆ ಕೂತ್ಕೋ. ಅಳತೆ ತಗೋತೀನಿ."

"ಲೋ, ನಾನೇನು ಬೈಕಿಗೆ ರವಿಕೆ ಹೊಲಿಸ್ತಿದೀನಾ?"

"ಕೂತ್ಕೋ ಅಂದೆ."

ಅಕ್ಕ ಕೂತರು. ಟೇಪು ಕಂಡ ಕೂಡಲೇ ಅವರೂ ಬೆನ್ನು ನೇರ ಮಾಡಿದರು. ಮಾಸ್ಟರ್ ಸೀಟಿನ ಮೇಲೆ ಟೇಪಿನ ತುದಿಯಿಟ್ಟು, "ಉಗ್ರಾಣದಲ್ಲಿ ಫ್ಯಾನ್ ಇದೆಯಾ ಅಕ್ಕ?" ಎಂದು ಕೇಳಿದರು. ಅಕ್ಕ ಉಗ್ರಾಣದ ಬಗ್ಗೆ, ಅಲ್ಲಿ ಈಗ ಕೂತಿರುವ ಗುಮಾಸ್ತನ ನಿದ್ದೆಯ ಬಗ್ಗೆ ಹೇಳತೊಡಗಿದರು. ಬೆನ್ನು ಬಾಗಿತು, ಭುಜ ಇಳಿಯಿತು, ಗುಡ್ಡದ ದಾರಿಯಲ್ಲಿ ಕೂರುವ ಹಾಗೆ ಕೂತರು. ಸೀಟಿನಿಂದ ಮೂಗಿನ ತುದಿಗೆ ಇಪ್ಪತ್ತಾರೂವರೆ ಇಂಚು. ಮೂಗಿನಿಂದ ಹ್ಯಾಂಡಲ್ಲಿಗೆ, ಮೊಣಕಾಲಿನಿಂದ ಮೊಣಕಾಲಿಗೆ, ಭುಜದಿಂದ ಭುಜಕ್ಕೆ. ಎಲ್ಲವನ್ನೂ ಅಳತೆ ಪುಸ್ತಕದಲ್ಲಿ ಬರೆದು, ಮೇಲೆ "ಅಕ್ಕ, ಗಾಳಿ" ಎಂದು ಹಾಕಿದರು. ಹಿಂದಿನ ಪುಟದಲ್ಲಿ "ನಿವೃತ್ತ ಹೆಡ್‌ಮಾಸ್ಟರು, ಸಫಾರಿ" ಇತ್ತು.

ನಾನು ಸಿಕ್ಕಿಹಾಕಿಕೊಂಡದ್ದು ಇಲ್ಲಿ. ಅಕ್ಕನ ಬೈಕು ವಾರದ ಆರು ದಿನ ಕೆಲಸಕ್ಕೆ ಬೇಕು. ನನ್ನದೂ ಅದೇ ಕಂಪನಿಯ ಅದೇ ಬೈಕು. ಅದಕ್ಕೆ ಕೆಲಸ ಕಮ್ಮಿ. ಮಾಸ್ಟರ್ ನನ್ನನ್ನೂ ಅದರ ಮೇಲೆ ಕೂರಿಸಿ, ಪ್ರಮೋಷನ್ ವಿಷಯ ಕೇಳಿ, ಟೇಪು ಹಿಡಿದರು. ಇಪ್ಪತ್ತಾರೂವರೆ.

"ಸಾರ್, ನಿಮ್ಮದೂ ಅಕ್ಕಂದೂ ಒಂದೇ!" ಎಂದು ಅವರು ಹೇಳಿದ ರೀತಿಗೆ ನನ್ನ ಕಣ್ಣು ಒದ್ದೆಯಾಗುವುದೊಂದು ಬಾಕಿ. ಶಾಲೆಯಿಂದ ಇಲ್ಲಿಯವರೆಗೆ ನನ್ನ ಯಾವ ಅಳತೆಯೂ ಯಾರಿಗೂ ಉಪಯೋಗಕ್ಕೆ ಬಂದಿರಲಿಲ್ಲ. ಮನೆಯಲ್ಲಿ ಹೇಳಿದೆ. ಹೆಂಡತಿ, "ಮದುವೆಯಾದಾಗಿಂದ ನಿಮ್ಮನ್ನ ಯಾರೂ ಒಂದು ಕೆಲಸಕ್ಕೂ ಕರೆದಿರಲಿಲ್ಲ. ಹೋಗಿ, ಬೇಡ ಅನ್ನಬೇಡಿ" ಎಂದಳು.

ಬೋರ್ಡು ಬರೆಯುವವರ ಹತ್ತಿರದಿಂದ ಮಾಸ್ಟರ್ ಗಾಜಿನಂಥ ಪ್ಲಾಸ್ಟಿಕ್ಕಿನ ಅಕ್ರಿಲಿಕ್ ಶೀಟು ತಂದರು. ಮೊದಲು ಹಳೆಯ ಕ್ಯಾಲೆಂಡರಿನಲ್ಲಿ ಪ್ಯಾಟರ್ನ್ ಕತ್ತರಿಸಿ, ಅದನ್ನು ಬೈಕಿಗೆ ಪಿನ್ನಿನಿಂದ ಚುಚ್ಚಲು ನೋಡಿ, ಚುಚ್ಚಲಾಗದೆ ಅಂಟಿಸಿ, ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಶೀಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಮೆಕ್ಯಾನಿಕ್ಕು ಗರಗಸದಲ್ಲಿ ಕೊಯ್ದು ನಟ್ಟು ಬೋಲ್ಟು ಹಾಕಿದ. ನಾನು ಹತ್ತಿ ಹೊರಟೆ.

ನೂರು ಗಜ ಹೋಗುವಷ್ಟರಲ್ಲಿ ನನ್ನ ಮುಂದೆ ಎರಡು ರಸ್ತೆಗಳಿದ್ದವು. ಒಂದು ಗಾಜಿನ ಮೇಲಿಂದ ಕಾಣುವುದು, ಇನ್ನೊಂದು ಗಾಜಿನ ಒಳಗಿಂದ. ಅಂಚು ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕಿತ್ತು. ಎದುರಿಗೆ ಬಂದ ಒಬ್ಬ ತರಕಾರಿ ಗಾಡಿಯವನ ತಲೆ ಒಂದು ರಸ್ತೆಯಲ್ಲೂ ಮೈ ಇನ್ನೊಂದರಲ್ಲೂ ಹೋಗುತ್ತಿತ್ತು. ವಾಪಸ್ ಬಂದು ಟೇಪು ಹಿಡಿಸಿದೆ. ಮೂಗಿನ ಮಟ್ಟಕ್ಕೆ ಬರಬೇಕಾದ ಗಾಜು ಎರಡಿಂಚು ಎತ್ತರ.

"ಮಾಸ್ಟ್ರೇ, ಇದೇನಿದು?" ಎಂದ ಮೆಕ್ಯಾನಿಕ್ಕು.

"ಎರಡಿಂಚು ಬಿಟ್ಟಿದೀನಿ" ಎಂದರು ಮಾಸ್ಟರ್, ಇದು ಕೇಳುವ ಪ್ರಶ್ನೆಯೇ ಎಂಬಂತೆ.

"ಯಾಕೆ? ಪ್ಲಾಸ್ಟಿಕ್ ಏನು ದಪ್ಪ ಆಗುತ್ತಾ?"

"ಮುಂದೆ ಬೇಕಾದ್ರೆ?"

"ಅಕ್ಕಂಗೆ ಐವತ್ತೇಳು. ಇನ್ನೆಷ್ಟು ಉದ್ದ ಬೆಳೀತಾರೆ? ಕತ್ತರಿಸಿ ಬಿಸಾಕಿ."

ಮಾಸ್ಟರ್ ಗಾಜಿನ ಮುಂದೆ ಅಡ್ಡ ನಿಂತರು. ಮೂವತ್ತು ವರ್ಷದಲ್ಲಿ ಅವರು ಆ ಎರಡಿಂಚನ್ನು ಯಾವ ಬಟ್ಟೆಯಿಂದಲೂ ಕತ್ತರಿಸಿಲ್ಲ. "ಕತ್ತರಿಸಿದ್ಮೇಲೆ ಸೇರಿಸೋಕೆ ಬರಲ್ಲಪ್ಪ" ಎಂದರು. ಮೆಕ್ಯಾನಿಕ್ಕು ಗರಗಸ ಹಿಡಿದೇ ನಿಂತಿದ್ದ. ನಾನು ನಡುವೆ. ಕೊನೆಗೆ ಮಾಸ್ಟರ್ ಗಾಜನ್ನು ಬಿಚ್ಚಿಸಿಕೊಂಡು ಒಳಗೆ ಹೋದರು, ಮೇಜಿನ ಮೇಲೆ ಹಾಕಿ ಅದರ ಮೇಲೆ ದಪ್ಪ ಬಟ್ಟೆ ಹಾಸಿದರು, ಇಸ್ತ್ರಿಪೆಟ್ಟಿಗೆ ಕಾಯಿಸಿ ಅಂಚಿನುದ್ದಕ್ಕೂ ಸಾವಕಾಶವಾಗಿ ಎಳೆದರು. ಅಕ್ರಿಲಿಕ್ಕು ಮೆತ್ತಗಾಯಿತು. ಸ್ಕೇಲು ಒತ್ತಿ, ಮೇಲಿನ ಎರಡಿಂಚನ್ನು ಮುಂದಕ್ಕೆ ಬಾಗಿಸಿದರು. ಪ್ಯಾಂಟಿನ ಕಾಲು ಮಡಿಸಿದ ಹಾಗೆ.

"ಹೆಮ್ಮಿಂಗ್" ಎಂದರು.

ಗಾಜು ಈಗ ಮೂಗಿನ ಮಟ್ಟಕ್ಕೆ ಬಂತು. ಅದೇನು ದೊಡ್ಡ ವಿಷಯವಲ್ಲ. ಮುಂದಕ್ಕೆ ಬಾಗಿದ ಆ ಅಂಚು ಏರಿಬಂದ ಗಾಳಿಯನ್ನು ಇನ್ನೂ ಮೇಲಕ್ಕೆ ಎಸೆಯುತ್ತಿತ್ತು. ಅದು ಹೆಲ್ಮೆಟ್ಟಿನ ಮೇಲಿಂದ ಹಾರಿಹೋಗುತ್ತಿತ್ತು. ನನ್ನ ತಲೆ ಅಲುಗುವುದು ನಿಂತಿತು. ಇದನ್ನು ಲೆಕ್ಕ ಹಾಕಿ ಮಾಡಿದ್ದು ಎಂದು ಮಾಸ್ಟರ್ ಈಗಲೂ ಹೇಳುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ.

ಆದರೂ ಕೆನ್ನೆಗೆ ಎಲ್ಲಿಂದಲೋ ಗಾಳಿ ಬರುತ್ತಿತ್ತು. ಎಲ್ಲಿಂದ ಎಂದು ನನಗೆ ಹೇಳಲು ಬರಲಿಲ್ಲ. ಗಾಳಿ ಕಾಣುವ ವಸ್ತುವಲ್ಲ. ಮಾಸ್ಟರ್ ಯೋಚಿಸಿ, ದಾರದ ಡಬ್ಬಿ ತಂದರು. ಗೇಣುದ್ದದ ಬಣ್ಣಬಣ್ಣದ ದಾರಗಳನ್ನು ಕತ್ತರಿಸಿ ಗಾಜಿಗೆ, ಟ್ಯಾಂಕಿಗೆ, ನನ್ನ ಎದೆಗೆ, ತೋಳಿಗೆ, ಹೆಲ್ಮೆಟ್ಟಿಗೆ, ಕೊನೆಗೆ ಎರಡು ಕೆನ್ನೆಗೂ ಅಂಟಿಸಿದರು. ದಾರ ಎತ್ತ ಹಾರುತ್ತದೋ ಗಾಳಿ ಅತ್ತ ಹೋಗುತ್ತದೆ. ನಾನು ಮುಂದೆ, ಪಕ್ಕದಲ್ಲಿ ಮೆಕ್ಯಾನಿಕ್ಕಿನ ಬೈಕು, ಅದರ ಹಿಂದಿನ ಸೀಟಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾ ಮಾಸ್ಟರ್.

"ಸಾರ್, ಹಸಿರು ದಾರ ಸುತ್ತುತಾ ಇದೆ! ಇನ್ನೂ ಜೋರು ಹೋಗಿ!"

ನಾನು ಸಂಭಾವಿತ ಗೃಹಸ್ಥ. ಕಚೇರಿಯಲ್ಲಿ ನನ್ನ ಕೈಕೆಳಗೆ ಇಬ್ಬರಿದ್ದಾರೆ. ಅವರಲ್ಲಿ ಒಬ್ಬ ಬಸ್‌ಸ್ಟಾಪಿನಲ್ಲಿ ನಿಂತಿದ್ದ. ನನ್ನನ್ನು ನೋಡಿ ನಮಸ್ಕಾರ ಮಾಡಲೋ ಬೇಡವೋ ಎಂದು ಕೈಯನ್ನು ಅರ್ಧಕ್ಕೆ ನಿಲ್ಲಿಸಿದ. ವೃತ್ತದಲ್ಲಿ ಪೊಲೀಸಿನವರು ತಡೆದರು.

"ಏನ್ರೀ ಇದು?"

"ಗಾಳಿ ನೋಡ್ತಿದೀವಿ ಸಾರ್."

ಊದಿ ಎಂದರು. ಊದಿದೆ. ಯಂತ್ರ ಏನೂ ತೋರಿಸಲಿಲ್ಲ. ಅವರಿಗೆ ಅದರಿಂದ ಇನ್ನೂ ಹೆಚ್ಚು ಅನುಮಾನ ಬಂದ ಹಾಗಿತ್ತು. ಮಾಸ್ಟರ್ ಇಳಿದು ಬಂದು ಪೊಲೀಸಿನವರ ಯೂನಿಫಾರಮ್ಮನ್ನು ಮೇಲಿಂದ ಕೆಳಗೆ ನೋಡಿ, "ಭುಜ ಇಳಿದಿದೆ ಸಾರ್, ಯಾರ ಹತ್ರ ಹೊಲಿಸಿದ್ರಿ?" ಎಂದರು. ಐದು ನಿಮಿಷದಲ್ಲಿ ನಮ್ಮನ್ನು ಬಿಟ್ಟರು.

ದಾರ ಹೇಳಿದ್ದು ಇಷ್ಟು. ಮೇಲಿನ ಗಾಳಿ ಸರಿಯಾಗಿದೆ. ಕಳ್ಳ ಕೆಳಗಿದ್ದಾನೆ. ಮೊಣಕಾಲುಗಳ ನಡುವಿಂದ ನುಗ್ಗಿದ ಗಾಳಿ ಟ್ಯಾಂಕಿನ ಮೇಲೆ ಹತ್ತಿ, ಎದೆಯ ಗುಂಟ ಏರಿ, ಗದ್ದದ ಕೆಳಗಿಂದ ಕೆನ್ನೆಗೆ ಬರುತ್ತಿದೆ.

ಮಾಸ್ಟರಿಗೆ ಉಮೇದು ಬಂದಿತ್ತು. ಇಂಜಿನ್ನಿನ ಮುಂದಿರುವ ಕಬ್ಬಿಣದ ಕ್ರ್ಯಾಶ್ ಗಾರ್ಡಿಗೆ ಎರಡೂ ಬದಿ ಎರಡು ದೊಡ್ಡ ಅಕ್ರಿಲಿಕ್ ಹಲಗೆ ಹೊಲಿದರು. ಹೊಲಿದರು ಎಂದೇ ಹೇಳಬೇಕು. ಮೊಣಕಾಲಿನ ಆಕಾರಕ್ಕೆ ಬಾಗಿ, ಒಂದು ಸಂದೂ ಇಲ್ಲದೆ, ಇಂಜಿನ್ನಿನ ಎರಡು ಪಕ್ಕವನ್ನೂ ತಬ್ಬಿ ಕೂತಿದ್ದವು. ಹತ್ತಿ ಹೊರಟೆ. ಒಂದು ದಾರವೂ ಅಲುಗಲಿಲ್ಲ. ಕಾಲಿಗೆ ಬೆಚ್ಚಗೆ, ಬೈಕಿನ ಮೇಲೆ ಕೂತು ನಿದ್ದೆ ಬರುವಷ್ಟು ಸುಖ. "ಮಾಸ್ಟ್ರೇ, ಕಾಲಿಗೆ ಕಂಬಳಿ ಹೊದ್ದ ಹಾಗಿದೆ!" ಎಂದು ಕೂಗಿ ಹೇಳಿದೆ. ಆ ಬೆಚ್ಚಗೆ ಎಲ್ಲಿಂದ ಬರುತ್ತಿದೆ ಎಂದು ಕೇಳಿಕೊಳ್ಳುವ ಬುದ್ಧಿ ನನಗಿದ್ದಿದ್ದರೆ ಪ್ರಮೋಷನ್ ಬಂದಿರುತ್ತಿತ್ತು.

ಊರ ಹೊರಗೆ ನೀರಿನ ಟ್ಯಾಂಕಿಗೆ ಹೋಗುವ ದಿಬ್ಬವಿದೆ. ಅಕ್ಕನ ಗುಡ್ಡದಷ್ಟಲ್ಲದಿದ್ದರೂ ಏರು ಏರೇ. ಗುಡ್ಡದ ಲೆಕ್ಕಕ್ಕೆ ಸಮ ಬರಲಿ ಎಂದು ಎಂಟು ಸಲ ಹತ್ತಿಳಿಯಬೇಕು ಎಂದು ಮೆಕ್ಯಾನಿಕ್ಕು ಹೇಳಿದ. ಐದನೇ ಸಲ ಬೈಕಿನ ಶಕ್ತಿ ಕುಂದಿತು. ಆರನೇ ಸಲ ಒಳಗಿಂದ ಟಕಟಕ ಸದ್ದು, ಸುಟ್ಟ ಎಣ್ಣೆಯ ವಾಸನೆ. ಏಳನೆಯದರ ಅರ್ಧಕ್ಕೆ ನಿಂತೇಬಿಟ್ಟಿತು. ಕಂಬಳಿ ಹೊದ್ದಿದ್ದ ನನ್ನ ಕಾಲು ಬಾಣಲೆಯ ಪಕ್ಕದಲ್ಲಿಟ್ಟ ಹಾಗಾಗಿತ್ತು. ಹಾರಿ ಇಳಿದೆ.

ಮಾಸ್ಟರ್ ಬಗ್ಗಿ, ಇಸ್ತ್ರಿಪೆಟ್ಟಿಗೆಗೆ ಮಾಡುವ ಹಾಗೆ ಬೆರಳು ಒದ್ದೆ ಮಾಡಿಕೊಂಡು ಇಂಜಿನ್ನಿನ ಮೇಲೆ ಒಂದು ಹನಿ ಚಿಮುಕಿಸಿದರು. ಶಾಖದಲ್ಲಿ ಅವರಿಗೆ ಮೂರು ದರ್ಜೆ. ಹನಿ ಮೆಲ್ಲಗೆ ಆರಿದರೆ ರೇಷ್ಮೆ ಬಿಸಿ, ಚುಯ್ ಎಂದರೆ ಉಣ್ಣೆ ಬಿಸಿ, ಚಟ್ಟೆಂದು ಸಿಡಿದರೆ ಕಾಟನ್ ಬಿಸಿ. ಈ ಹನಿ ಸಿಡಿಯಲೂ ಇಲ್ಲ. ಗುಂಡಗೆ ಉರುಳಿಕೊಂಡು ಕುಣಿಯುತ್ತಾ ಕೆಳಗೆ ಬಿತ್ತು.

"ಇದು ಗಿರಾಕಿಗೆ ಹೊಸ ಬಟ್ಟೆ ಕೊಡಿಸಬೇಕಾದ ಬಿಸಿ" ಎಂದರು, ತಗ್ಗಿದ ದನಿಯಲ್ಲಿ.

ಮೆಕ್ಯಾನಿಕ್ಕು ಇಂಜಿನ್ನಿನ ಸುತ್ತ ಪಟ್ಟೆಪಟ್ಟೆಯಾಗಿ ಎದ್ದಿರುವ ಲೋಹದ ರೆಕ್ಕೆಗಳನ್ನು ತೋರಿಸಿದ. "ಇದಕ್ಕೆ ನೀರಿಲ್ಲ, ಫ್ಯಾನಿಲ್ಲ ಮಾಸ್ಟ್ರೇ. ಓಡುವಾಗ ಈ ರೆಕ್ಕೆಗೆ ತಾಗೋ ಗಾಳಿಯಿಂದಲೇ ಇದು ತಣ್ಣಗಾಗಬೇಕು. ನೀವು ಅದಕ್ಕೆ ಕೋಟು ಹೊಲಿದು, ಮೇಲಿನ ಗುಂಡೀನೂ ಹಾಕಿಬಿಟ್ಟಿದೀರಿ."

ಗುಡ್ಡದ ದಾರಿಯಲ್ಲಿ ಬೈಕು ಹೀಗೆ ನಿಂತರೆ ಅಕ್ಕ ಕಾಯಬಹುದು, ಪೆಟ್ಟಿಗೆಯ ಐಸು ಕಾಯುವುದಿಲ್ಲ. ಮೂರು ಹಳ್ಳಿಯ ಕೂಸುಗಳ ಲಸಿಕೆ ಕೆಟ್ಟುಹೋಗುತ್ತದೆ. ಅಕ್ಕ ಆ ಸಂಜೆ ಶೆಡ್ಡಿಗೆ ಬಂದು ಎಲ್ಲ ಕೇಳಿಸಿಕೊಂಡರು.

"ಮುಖಕ್ಕೆ ಗಾಳಿ ಬೇಡ, ಇಂಜಿನ್ನಿಗೆ ಬೇಕು. ಒಂದೇ ದಾರೀಲಿ ಬರೋದು ಎರಡಕ್ಕೂ. ಹೋಗ್ಲಿ ಬಿಡೋ. ಉಗ್ರಾಣದಲ್ಲಿ ಫ್ಯಾನ್ ಇದೆ" ಎಂದು ಕೈಚೀಲ ಹೆಗಲಿಗೇರಿಸಿಕೊಂಡು ಹೋದರು.

ಇನ್ನು ಐದು ದಿನ ಇತ್ತು. ಮಾಸ್ಟರ್ ಎರಡು ದಿನ ಹೊಲಿಯಲಿಲ್ಲ. ಸುಮ್ಮನೆ ಕೂತು ತೂಗುಹಾಕಿದ ಬಟ್ಟೆಗಳನ್ನು ನೋಡುತ್ತಿದ್ದರು. ಮೂರನೇ ದಿನ ನಾನು ಹೋದಾಗ ಹೆಡ್‌ಮಾಸ್ಟರ ಸಫಾರಿ ಕೋಟನ್ನು ತಿರುಗಿಸಿ ಹಿಡಿದುಕೊಂಡಿದ್ದರು.

"ಸಾರ್, ಕೋಟಿನ ಹಿಂದೆ ಕೆಳಗೆ ಸೀಳು ಯಾಕೆ ಬಿಡ್ತೀವಿ?"

"ಫ್ಯಾಷನ್ನಿಗೆ."

"ಕೂತ್ಕೊಳ್ಳೋಕೆ ಸಾರ್. ಮುಚ್ಚಿರಬೇಕು, ಬೇಕಾದ ಕಡೆ ಮಾತ್ರ ಬಿಚ್ಚಿಕೋಬೇಕು."

ಇಂಜಿನ್ನನ್ನು ತಬ್ಬಿದ್ದ ಹಲಗೆಗಳನ್ನು ಬಿಚ್ಚಿ ಅರ್ಧಕ್ಕರ್ಧ ಕಿರಿದು ಮಾಡಿದರು. ಮೆಕ್ಯಾನಿಕ್ಕು ಗರಗಸ ಎತ್ತಿದಾಗ ಈ ಸಲ ಅಡ್ಡ ನಿಲ್ಲಲಿಲ್ಲ. ಆದರೆ ಆ ಕಡೆ ನೋಡಲೂ ಇಲ್ಲ. ನಡುವಿನ ಜಾಗವನ್ನು ಪೂರ್ತಿ ತೆರೆದು, ಹಲಗೆಗಳನ್ನು ಹೊರಕ್ಕೆ ಓರೆ ಮಾಡಿ, ಒಂದೊಂದರ ಕೆಳಭಾಗದಲ್ಲೂ ಉದ್ದಕ್ಕೆ ಸೀಳು ತೆಗೆದು, ಸೀಳಿನ ಒಂದು ಅಂಚನ್ನು ಇಸ್ತ್ರಿಯಲ್ಲಿ ಕಾಯಿಸಿ ಒಳಮುಖವಾಗಿ ಎತ್ತಿದರು. ಮೊಣಕಾಲಿಗೆ ಬರುವ ಗಾಳಿ ಹೊರಗಡೆ ಸರಿದು ಹೋಗಬೇಕು, ಸೀಳಿಗೆ ಸಿಕ್ಕ ಗಾಳಿ ತಿರುಗಿ ರೆಕ್ಕೆಗಳ ಮೇಲೆ ಬೀಳಬೇಕು. ಟ್ಯಾಂಕಿನ ಗುಂಟ ಏರಿಬರುವ ಕಳ್ಳನಿಗೆ ಹ್ಯಾಂಡಲ್ಲಿನ ಕೆಳಗೆ ಒಂದು ಅಡ್ಡಪಟ್ಟಿ. ಅದೂ ಪೂರ್ತಿ ಮುಚ್ಚಿದರೆ ಗಾಜಿನ ಹಿಂದೆ ಗಾಳಿ ಸುಳಿ ಸುತ್ತುತ್ತದೆ ಎಂದು ದಾರ ಹೇಳಿತು. ಎರಡು ಬೆರಳಿನಷ್ಟು ಸಂದು ಬಿಟ್ಟರು.

ಮತ್ತೆ ನಾನು, ಮತ್ತೆ ದಾರ. ಈ ಸಲ ಇಂಜಿನ್ನಿನ ಮುಂದೆಯೂ ದಾರ ಕಟ್ಟಿದ್ದರು. ಅವೆಲ್ಲ ಬಾಚಿದ ಕೂದಲಿನ ಹಾಗೆ ಹಿಂದಕ್ಕೆ ಮಲಗಿದವು. ದಿಬ್ಬವನ್ನು ಎಂಟು ಸಲ ಹತ್ತಿದೆ. ಒಂಬತ್ತನೆಯ ಸಲ ಯಾರೂ ಹೇಳದೆ ಹತ್ತಿದೆ. ಮಾಸ್ಟರ್ ಹನಿ ಚಿಮುಕಿಸಿದರು. ಚುಯ್ ಎಂದಿತು.

"ಉಣ್ಣೆ" ಎಂದರು. ಏನೂ ಹಾಕದ ಬೈಕು ಆ ದಿಬ್ಬ ಹತ್ತಿದರೂ ಉಣ್ಣೆಯೇ. ಮೆಕ್ಯಾನಿಕ್ಕು ತನ್ನದನ್ನು ಹತ್ತಿಸಿ ತೋರಿಸಿದ. ನನ್ನ ಕಾಲಿಗೆ ಈಗ ಕಂಬಳಿ ಇರಲಿಲ್ಲ. ತುಸು ಚಳಿಯೇ ಇತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸೋಮವಾರ ಸಂಜೆ ಎಲ್ಲವನ್ನೂ ನನ್ನ ಬೈಕಿನಿಂದ ಬಿಚ್ಚಿ ಅಕ್ಕನದಕ್ಕೆ ಹಾಕಿದರು. ನನ್ನ ಬೈಕು ಬೋಳಾಗಿ ನಿಂತಿತು. ಮಂಗಳವಾರ ಬೆಳಿಗ್ಗೆ ಏಳಕ್ಕೆ ಅಕ್ಕ ಪೆಟ್ಟಿಗೆ ಬಿಗಿದು, ಕೈಚೀಲವನ್ನು ಹೆಗಲಿಗೆ ಅಡ್ಡ ಹಾಕಿಕೊಂಡು ಹೊರಟರು. ಅರ್ಜಿ ಅದರೊಳಗೇ ಇತ್ತು. ಐದಕ್ಕೆ ಕಚೇರಿ ಮುಚ್ಚುತ್ತದೆ.

ನಾನು ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಅಂಗಡಿಗೆ ಹೋದೆ. ಮಾಸ್ಟರ್ ಹೊಲಿಯುತ್ತಿದ್ದರು. ಹೆಡ್‌ಮಾಸ್ಟರ ಸಫಾರಿಗೆ ಎಡತೋಳನ್ನು ಬಲಕ್ಕೆ ಹಾಕಿ ಮುಗಿಸಿ, ಬಲತೋಳನ್ನು ಕೈಯಲ್ಲಿ ಹಿಡಿದುಕೊಂಡು ಇದು ಎಲ್ಲಿಗೆ ಎಂದು ಯೋಚಿಸುತ್ತಿದ್ದರು. ನಾನು ಹೇಳಿದೆ. ಬಿಚ್ಚಿದರು. ಮತ್ತೆ ಅಲ್ಲಿಗೇ ಹಾಕಿದರು. ಮೂರೂವರೆಗೆ ಟೀ ಬಂತು. ಲೋಟವನ್ನು ನೂಲಿನ ಡಬ್ಬಿಯೊಳಗೆ ಇಟ್ಟರು. ಮೆಕ್ಯಾನಿಕ್ಕು ಬಾಗಿಲಲ್ಲಿ ಬಂದು ನಿಲ್ಲುವುದು, "ಬರ್ತಾರೆ ಬಿಡಿ" ಎನ್ನುವುದು, ಹೋಗುವುದು. ಯಾರೂ ಅವನನ್ನು ಕೇಳಿರಲಿಲ್ಲ.

ನಾಲ್ಕೂಕಾಲಿಗೆ ಅಕ್ಕ ಬಂದರು. ಸ್ಟ್ಯಾಂಡ್ ಹಾಕಿದರು. ಹೆಲ್ಮೆಟ್ಟು ತೆಗೆದು ಕನ್ನಡಿಗೆ ತೂಗುಹಾಕಿದರು. ನಾವು ಮೂವರೂ ಅವರ ಕೆನ್ನೆಯನ್ನೇ ನೋಡುತ್ತಿದ್ದೆವು.

"ಏನ್ ನೋಡ್ತೀರಾ? ಲೋ, ಇದೇನು ಗಾಡೀನೋ ಮೀನಿನ ತೊಟ್ಟೀನೋ? ಮೇಲಿನ ಹಳ್ಳೀಲಿ ಮಕ್ಕಳೆಲ್ಲ ಸೂಜಿ ಬಿಟ್ಟು ಇದನ್ನ ನೋಡೋಕೆ ನಿಂತಿದ್ವು. ಒಂದನ್ನ ಹಿಡಿದು ಚುಚ್ಚೋಷ್ಟರಲ್ಲಿ ಇನ್ನೊಂದು ಅದರ ಮೇಲೆ ಹತ್ತಿ ಕೂತಿತ್ತು. ಇಳಿಜಾರಿನಲ್ಲಿ ಆ ಎಡಗಡೆ ಹಲಗೆ ಕಟಕಟ ಅಂತ ಹಲ್ಲು ಕಡಿಯುತ್ತೆ, ಒಂದು ರಬ್ಬರು ಹಾಕೋಕಾಗಲ್ವಾ ನಿಂಗೆ? ಸೀಮೆಸುಣ್ಣದ ಗೆರೆ ಹಾಗೇ ಬಿಟ್ಟಿದೀಯ, ಒರೆಸಬೇಕು ಅನ್ನೋ ಜ್ಞಾನ ಇಲ್ಲ. ಅಂಗಡಿ ನೋಡು, ಹೇಗಿಟ್ಟಿದೀಯ. ಟೀ ಲೋಟ ಎಲ್ಲಿ ಇಟ್ಟಿದೀಯ! ಹೋದ ತಿಂಗಳು ಬಾಗಿಲು ಹಾಕದೆ ಹೋಗಿದ್ದೆ ಅಲ್ವಾ, ನನಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ?"

ಮಾಸ್ಟರ್ ಕೈಕಟ್ಟಿಕೊಂಡು ನಿಂತು ಎಲ್ಲವನ್ನೂ ಕೇಳಿದರು. ಯಾವ ಗಿರಾಕಿಯ ಹೊಗಳಿಕೆಯನ್ನೂ ಅವರು ಅಷ್ಟು ಗಮನವಿಟ್ಟು ಕೇಳಿದ್ದನ್ನು ನಾನು ಕಂಡಿಲ್ಲ. ಅಕ್ಕ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮೆಲ್ಲಗೆ, "ನೋಯ್ತಾ ಅಕ್ಕ?" ಎಂದು ಕೇಳಿದರು.

"ನೋಯ್ತು."

ಮಾಸ್ಟರ್ ಕಟ್ಟಿಕೊಂಡಿದ್ದ ಕೈ ಬಿಚ್ಚಿದರು.

"ಎರಡು ಸಲ. ಮುಂಚೆ ಹೋಗ್ತಾ ಹನ್ನೊಂದು, ಬರ್ತಾ ಒಂಬತ್ತು ಹೊಡೀತಿತ್ತು. ಇವತ್ತು ಹೋಗ್ತಾ ಒಂದು, ಬರ್ತಾ ಒಂದು. ಅದೇ ತಿರುವಿನಲ್ಲಿ, ಕಣಿವೆ ಗಾಳಿ ಸುಳಿ ಸುತ್ತಿ ಹೋಗ್ತಾನೂ ಬರ್ತಾನೂ ಬಲಗಡೆಗೇ ಅಡ್ಡ ಬಡಿಯುತ್ತಲ್ಲ, ಅಲ್ಲಿ." ಲಸಿಕೆಯ ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದರಂತೆ, ಅಂಚಿನಲ್ಲಿ, ಪೆನ್ಸಿಲಿನಲ್ಲಿ.

"ಇಂಜಿನ್ನು?" ಎಂದ ಮೆಕ್ಯಾನಿಕ್ಕು.

"ಮೇಲೆ ಹೋಗಿ ನೀರು ಚಿಮುಕಿಸಿದೆ. ನನಗೆ ನಿಮ್ಮ ರೇಷ್ಮೆ ಉಣ್ಣೆ ಎಲ್ಲ ಗೊತ್ತಾಗಲ್ಲಪ್ಪ. ಚುಯ್ ಅಂತು."

ಗಡಿಯಾರದಲ್ಲಿ ನಾಲ್ಕೂವರೆ. ಕಚೇರಿಗೆ ಹತ್ತು ನಿಮಿಷದ ದಾರಿ. ಮಾಸ್ಟರ್ ಕೈಚೀಲದ ಕಡೆ ನೋಡಿದರು. ಅರ್ಜಿಯ ವಿಷಯ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅಕ್ಕ ಸೀಟಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಮತ್ತೆ ಬೈಕು ಹತ್ತಿ ಕೂತರು. ಬಲಗೆನ್ನೆಯ ಪಕ್ಕದಲ್ಲಿ, ಮುಟ್ಟದೆ, ಅಂಗೈಯನ್ನು ಅಡ್ಡ ಹಿಡಿದು ತೋರಿಸಿದರು.

"ಇಲ್ಲಿ, ಇಷ್ಟಗಲ, ಒಂದು ಸಣ್ಣ ತುಂಡು ಬೇಕು. ಕನ್ನಡಿ ಕಾಣಬೇಕು ಮತ್ತೆ, ಅಡ್ಡ ಬರಬಾರದು. ಮುಂದಿನ ಮಂಗಳವಾರದೊಳಗೆ ಹಾಕಿಕೊಡು. ಆಗುತ್ತೋ ಇಲ್ವೋ?"

"ಮುಂದಿನ ಮಂಗಳವಾರ" ಎಂದರು ಮಾಸ್ಟರ್.

"ಅಂದ್ನಲ್ಲ. ಶೀಟು ಇದೆಯಾ?"

"ಇದೆ. ತರ್ತೀನಿ" ಎಂದು ಒಳಗೆ ಹೋದರು.

ಹೋದವರು ಬರಲಿಲ್ಲ. ಮೆಕ್ಯಾನಿಕ್ಕು ಬಗ್ಗಿ ನೋಡಲು ಹೋದ; ಅಕ್ಕ ಕೈಸನ್ನೆಯಲ್ಲೇ ಅವನನ್ನು ತಡೆದರು. ಉಳಿದ ಅಕ್ರಿಲಿಕ್ ತುಂಡು ಬಾಗಿಲಿಗೆ ಒರಗಿಕೊಂಡೇ ಇತ್ತು, ನನ್ನ ಕಾಲ ಹತ್ತಿರ. ನಾನು ಅದನ್ನು ಎತ್ತಿ, "ಮಾಸ್ಟ್ರೇ, ಇಲ್ಲೇ" ಎಂದು ಕೂಗಲು ಬಾಯಿ ತೆರೆದೆ.

"ಸುಮ್ನಿರಿ" ಎಂದರು ಅಕ್ಕ. "ಹುಡುಕಲಿ."